ಮೀಟರ್ ಲೀನ್ ಅನ್ನುತ್ತದೆ, ಪ್ಲಗ್ ಮಸಿ ಹಿಡಿದಿದೆ: ಯಾವುದನ್ನು ನಂಬಲಿ?

ಪ್ರಶ್ನೆ: ಸರ್, ನನ್ನದು 2012ರ ಕ್ಲಾಸಿಕ್ 350, ಕಾರ್ಬೊರೇಟರ್ ಗಾಡಿ. ಊರು ಚಿಕ್ಕಮಗಳೂರು. ಹೋದ ವರ್ಷ ಶಾರ್ಟ್ ಬಾಟಲ್ ಸೈಲೆನ್ಸರ್, ಫ್ರೀ ಫ್ಲೋ ಏರ್ ಫಿಲ್ಟರ್ ಹಾಕಿಸಿದೆ. ಆಮೇಲೆ ರೇಸ್ ಬಿಟ್ಟಾಗಲೆಲ್ಲ ಸೈಲೆನ್ಸರಿನಲ್ಲಿ ಪಟಪಟ ಸದ್ದು ಶುರುವಾಯಿತು. ಮೆಕ್ಯಾನಿಕ್ ‘ಲೀನ್ ಆಗಿದೆ’ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಅಂದರು. ಅಂದಾಜಿನ ಮೇಲೆ ಕೆಲಸ ಬೇಡ ಅಂತ ಹದಿನೆಂಟು ಸಾವಿರ ಖರ್ಚು ಮಾಡಿ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್, ಮೀಟರ್ ತರಿಸಿ, ಇಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬೆಂಡ್ ಪೈಪಿಗೆ ವೆಲ್ಡ್ ಮಾಡಿಸಿದೆ. ಸೈಲೆನ್ಸರ್ ಸೇರುವ ಜಾಗಕ್ಕಿಂತ ಒಂದು ಗೇಣು ಮುಂಚೆ ಇದೆ, ಫೋಟೊ ಕಳಿಸಿದ್ದೇನೆ. ಮೀಟರಿನಲ್ಲಿ (ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಅನ್ನುವ ನಂಬರ್) ಐಡ್ಲಿಂಗ್ 17–18, ಅರವತ್ತರ ವೇಗದಲ್ಲಿ 15.2, ಪೂರ್ತಿ ರೇಸ್ ಕೊಟ್ಟಾಗ 11.2 ಬರುತ್ತದೆ. ಐಡ್ಲಿಂಗ್ ನಂಬರ್ ನೋಡಿ ಮೆಕ್ಯಾನಿಕ್ ಮೂರು ಸಲ ಮೇನ್ ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡುವ ತೂತು) ದೊಡ್ಡದು ಮಾಡಿದರು, ಆ ನಂಬರ್ ಮಾತ್ರ ಇಳಿಯಲಿಲ್ಲ. ಮೈಲೇಜ್ 35ರಿಂದ 24ಕ್ಕೆ ಬಂದಿದೆ, ಪ್ಲಗ್ ತೆಗೆದರೆ ಮಸಿ. ಇನ್ನೊಬ್ಬ ಮೆಕ್ಯಾನಿಕ್ ‘ಮೀಟರ್ ಕಿತ್ತು ಬಿಸಾಕು, ಗಾಡಿ ಪೂರ್ತಿ ರಿಚ್’ (ಪೆಟ್ರೋಲ್ ಹೆಚ್ಚು) ಅನ್ನುತ್ತಾರೆ. ಬಂಕಿನಲ್ಲಿ ಈಗ ಸಿಗುವುದು ಇ20 (ಶೇ. 20 ಎಥೆನಾಲ್ ಬೆರೆಸಿದ) ಪೆಟ್ರೋಲ್, ಅದರಿಂದ ಹೀಗಾಗಿದೆಯೇ? ಹೀಗೇ ಓಡಿಸಿದರೆ ಪಿಸ್ಟನ್ ಹೋಗುತ್ತದೆಯೇ? ಇದೇ ಸೆನ್ಸರನ್ನು ತಮ್ಮನ ಬಿಎಸ್6 ಬೈಕಿಗೂ ಹಾಕಬಹುದೇ?

ಉತ್ತರ: ಮೊದಲು ನಿಮ್ಮ ಹೆದರಿಕೆಗೆ ಉತ್ತರ ಹೇಳಿಬಿಡುತ್ತೇನೆ. ನೀವು ಕೊಟ್ಟ ನಂಬರುಗಳ ಪ್ರಕಾರ ಪಿಸ್ಟನ್ ಸುಡುವ ಅಪಾಯ ಈಗ ಇಲ್ಲ. ಅಪಾಯ ಇರುವುದು ಇನ್ನೊಂದು ದಿಕ್ಕಿನಲ್ಲಿ. ಅತಿಯಾದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿದು ಇಂಜಿನ್ ಆಯಿಲಿಗೆ ಸೇರುತ್ತಿರಬಹುದು. ಇವತ್ತೇ ಆಯಿಲ್ ಕ್ಯಾಪ್ ಬಿಚ್ಚಿ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಜೆಟ್ ಸರಿಮಾಡಿದ ಮೇಲೆ ಆಯಿಲ್ ಬದಲಿಸಿ. ಅದಕ್ಕೆ ಮುಂಚೆ ಬದಲಿಸಿದರೆ ದುಡ್ಡು ದಂಡ.

ನಿಮ್ಮ ಇಬ್ಬರು ಮೆಕ್ಯಾನಿಕ್‌ಗಳಲ್ಲಿ ಎರಡನೆಯವರು ‘ರಿಚ್’ ಅಂದದ್ದು ಸರಿ, ‘ಬಿಸಾಕು’ ಅಂದದ್ದು ತಪ್ಪು. ಮೊದಲನೆಯವರು ಅಳತೆ ನೋಡಿ ಕೆಲಸ ಮಾಡಲು ಹೊರಟದ್ದು ಸರಿ, ಆದರೆ ನೋಡಬಾರದ ನಂಬರ್ ನೋಡಿ, ಅದಕ್ಕೆ ಸಂಬಂಧವೇ ಇಲ್ಲದ ಜೆಟ್ ಬಿಚ್ಚಿದರು. ನಿಮ್ಮ ಮೀಟರ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಅದು ಹೇಳುತ್ತಿರುವುದು ಏನು ಅನ್ನುವುದನ್ನು ಓದಿಕೊಳ್ಳುವುದರಲ್ಲಿ ಎಡವಟ್ಟಾಗಿದೆ.

ಈ ಸೆನ್ಸರ್ ಪೆಟ್ರೋಲನ್ನು ಅಳೆಯುವುದೇ ಇಲ್ಲ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ, ಅಥವಾ ಅರ್ಧ ಸುಟ್ಟ ಅನಿಲವನ್ನು ಪೂರ್ತಿ ಸುಡಲು ಇನ್ನೆಷ್ಟು ಆಮ್ಲಜನಕ ಬೇಕಿತ್ತು ಅನ್ನುವುದಷ್ಟೇ ಅದಕ್ಕೆ ಗೊತ್ತು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ‘ಇಂಜಿನ್ನಿಗೆ ಇಷ್ಟು ಗಾಳಿಗೆ ಇಷ್ಟು ಪೆಟ್ರೋಲ್ ಹೋಗಿರಬೇಕು’ ಅಂತ ಮೀಟರ್ ಊಹಿಸುತ್ತದೆ. ಹೊಗೆಯಲ್ಲಿ ಸಿಕ್ಕ ಆಮ್ಲಜನಕವೆಲ್ಲ ಸಿಲಿಂಡರಿನೊಳಗೆ ಸುಡದೆ ಮಿಕ್ಕಿದ್ದು ಅಂತಲೇ ಅದರ ನಂಬಿಕೆ. ಬೇರೆ ದಾರಿಯಲ್ಲಿ ಗಾಳಿ ಒಳಗೆ ನುಗ್ಗಿದರೆ ಅದಕ್ಕೆ ತಿಳಿಯುವುದಿಲ್ಲ.

ಹಳೆಯ ನ್ಯಾರೋಬ್ಯಾಂಡ್ ಸೆನ್ಸರ್ ಇನ್ನೂ ಮೊಂಡು. 1976ರಲ್ಲಿ ಬಾಷ್ ಕಂಪನಿಯ ಸೆನ್ಸರ್ ಹೊತ್ತು ವೋಲ್ವೊ ಕಾರುಗಳು ಬಂದಾಗಿನಿಂದ ಅದರ ಸ್ವಭಾವ ಬದಲಾಗಿಲ್ಲ. ಮಿಶ್ರಣ ಸರಿಸಮಕ್ಕಿಂತ (ಇರುವ ಗಾಳಿಯಲ್ಲಿ ಪೆಟ್ರೋಲ್ ಸರಿಯಾಗಿ ಸುಟ್ಟುಹೋಗುವ ಅಳತೆ) ರಿಚ್ ಆದರೆ 0.9 ವೋಲ್ಟ್ ಹತ್ತಿರ, ಲೀನ್ ಆದರೆ 0.1 ವೋಲ್ಟ್ ಹತ್ತಿರ, ಮಧ್ಯದ 0.45 ವೋಲ್ಟಿನಲ್ಲಿ ಧಡಕ್ಕನೆ ನೆಗೆತ. ‘ಹೌದು, ಅಲ್ಲ’ ಎರಡೇ ಮಾತು ಬಲ್ಲ ಸಾಕ್ಷಿ ಅದು. ಎಷ್ಟು ರಿಚ್, ಎಷ್ಟು ಲೀನ್ ಅಂತ ಕೇಳಿದರೆ ಅದರ ಹತ್ತಿರ ಉತ್ತರವಿಲ್ಲ.

ವೈಡ್‌ಬ್ಯಾಂಡಿನಲ್ಲಿ ವೋಲ್ಟ್ ಕೊಡುವ ಇದೇ ಕೋಶದ ಜೊತೆಗೆ ಒಂದು ಪಂಪ್ ಕೋಶವಿದೆ, ನಡುವೆ ಕೂದಲೆಳೆಯಷ್ಟು ಸಂದಿ. ಹೊಗೆ ಆ ಸಂದಿಗೆ ನುಸುಳುತ್ತದೆ. ಸಂದಿಯೊಳಗಿನ ಅನಿಲ ಸದಾ ಸರಿಸಮವಾಗಿ ಇರುವಂತೆ, ಅಂದರೆ ಆ 0.45 ವೋಲ್ಟ್ ಕದಲದಂತೆ, ಪಂಪ್ ಆಮ್ಲಜನಕವನ್ನು ಹೊರಗೆ ಎಳೆಯುತ್ತದೆ ಅಥವಾ ಒಳಗೆ ತಳ್ಳುತ್ತದೆ. ಹಂಡೆಯಲ್ಲಿ ಗೆರೆ ಹಾಕಿಟ್ಟು, ನೀರು ಆ ಗೆರೆ ಬಿಟ್ಟು ಏರದಂತೆ ಇಳಿಯದಂತೆ ಎಷ್ಟು ಚೊಂಬು ತೆಗೆದೆ, ಎಷ್ಟು ಚೊಂಬು ಹಾಕಿದೆ ಅಂತ ಎಣಿಸಿದ ಹಾಗೆ. ಆ ಚೊಂಬಿನ ಲೆಕ್ಕ ಇಲ್ಲಿ ಕರೆಂಟಿನ ರೂಪದಲ್ಲಿ ಸಿಗುತ್ತದೆ. ಕರೆಂಟ್ ಸೊನ್ನೆ ಇದ್ದರೆ ಮಿಶ್ರಣ ಸರಿಸಮ, ಒಂದು ದಿಕ್ಕಿಗೆ ಹರಿದರೆ ಲೀನ್, ಇನ್ನೊಂದು ದಿಕ್ಕಿಗೆ ರಿಚ್. ಇದೆಲ್ಲ ನಡೆಯಬೇಕಾದರೆ ಸೆನ್ಸರಿನ ತುದಿ ಕೆಂಡದಂತೆ ಕಾದಿರಬೇಕು. ಈಗ ಹೆಚ್ಚು ಬಳಕೆಯಲ್ಲಿರುವ ಬಾಷ್ ಎಲ್‌ಎಸ್‌ಯು 4.9 ಸುಮಾರು 780 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡುತ್ತದೆ. ಅದಕ್ಕೇ ಒಳಗೆ ಹೀಟರ್, ಅದಕ್ಕೇ ಅಷ್ಟೊಂದು ವೈರ್.

ಈಗ ನಿಮ್ಮ ನಂಬರುಗಳನ್ನು ನೋಡೋಣ.

ಐಡ್ಲಿಂಗಿನಲ್ಲಿ 17–18 ನಿಜವೇ ಆಗಿದ್ದರೆ ಬೇಕಾದ್ದಕ್ಕಿಂತ ಶೇ. 20ರಷ್ಟು ಹೆಚ್ಚು ಗಾಳಿ ಅಂತ ಅರ್ಥ. ಕಾರ್ಬೊರೇಟರ್ ಇರುವ ಒಂಟಿ ಸಿಲಿಂಡರ್ ಗಾಡಿ ಅಷ್ಟು ಲೀನ್ ಇದ್ದರೆ ಐಡ್ಲಿಂಗ್ ಏರಿಳಿಯುತ್ತದೆ, ಸಿಗ್ನಲಿನಲ್ಲಿ ಸುಮ್ಮನೆ ಆಫ್ ಆಗುತ್ತದೆ, ಬೆಳಗ್ಗೆ ಚೋಕ್ ಎಳೆಯದೆ ಏಳುವುದೇ ಇಲ್ಲ. ಇದ್ಯಾವುದೂ ನಿಮ್ಮ ದೂರಿನಲ್ಲಿಲ್ಲ. ಅದರ ಮೇಲೆ ಪ್ಲಗ್ ಕಪ್ಪು.

ಪೂರ್ತಿ ರೇಸಿನ 11.2 ಮಾತ್ರ ಬಹುತೇಕ ಸತ್ಯ. ಮೀಟರಿನ 14.7 ಅಂದರೆ ಸರಿಸಮ, ತಾಂತ್ರಿಕವಾಗಿ ಲ್ಯಾಂಬ್ಡಾ 1. 11.2ನ್ನು 14.7ರಿಂದ ಭಾಗಿಸಿದರೆ 0.76 ಬರುತ್ತದೆ. ಗಾಳಿಯಲ್ಲಿ ತಣಿಯುವ ಇಂಜಿನ್ನಿಗೆ ಪೂರ್ತಿ ರೇಸಿನಲ್ಲಿ ನಾನು ಇಡುವುದು 0.86ರಿಂದ 0.88, ಅಂದರೆ ಮೀಟರಿನಲ್ಲಿ 12.6ರಿಂದ 12.9. ನೀವು ಅದಕ್ಕಿಂತ ಸುಮಾರು ಶೇ. 14 ಹೆಚ್ಚು ಪೆಟ್ರೋಲ್ ಸುರಿಯುತ್ತಿದ್ದೀರಿ. ಮೈಲೇಜಿಗೆ ಬಿದ್ದ ಪೆಟ್ಟಿನ ಒಂದು ಪಾಲು ಇಲ್ಲೇ ಇದೆ.

ಒಂದೇ ಗಾಡಿ, ಒಂದೇ ಸೆನ್ಸರ್. ಒಂದು ಕಡೆ ಸುಳ್ಳು, ಇನ್ನೊಂದು ಕಡೆ ಸತ್ಯ ಹೇಗೆ? ಹೊಗೆಯ ರಭಸ ನೋಡಿ. ಸಾವಿರ ಆರ್‌ಪಿಎಂನಲ್ಲಿ ಫೋರ್ ಸ್ಟ್ರೋಕ್ ಒಂಟಿ ಸಿಲಿಂಡರ್ ಸೆಕೆಂಡಿಗೆ ಎಂಟು ಸಲ ಮಾತ್ರ ಹೊಗೆ ಉಗುಳುತ್ತದೆ. ಬುಲೆಟ್ಟಿನ ಆ ಡುಗ್ ಡುಗ್ ಅದೇ. ಎರಡು ಡುಗ್‌ಗಳ ನಡುವೆ ಪೈಪಿನಲ್ಲಿ ಒತ್ತಡ ಇಳಿಯುತ್ತದೆ, ಸೈಲೆನ್ಸರಿನ ಬಾಯಿಂದ ಹೊರಗಿನ ಗಾಳಿ ಹಿಂದಕ್ಕೆ ಬರುತ್ತದೆ. ಕಂಪನಿ ಸೈಲೆನ್ಸರ್ ಉದ್ದ, ಒಳಗೆ ತಡೆಗಳಿವೆ, ಆ ಗಾಳಿ ಸೆನ್ಸರಿನವರೆಗೆ ತಲುಪುವುದು ಕಷ್ಟ. ಶಾರ್ಟ್ ಬಾಟಲಿನಲ್ಲಿ ಏನಿದೆ ಅಡ್ಡ? ನಿಮ್ಮ ಸೆನ್ಸರ್ ಬಾಟಲಿಗೆ ಒಂದು ಗೇಣು ಹತ್ತಿರ ಬೇರೆ ಇದೆ. ರೇಸ್ ಹೆಚ್ಚಿದಂತೆ ಹೊಗೆಯ ರಭಸ ಹೆಚ್ಚಿ ಹೊರಗಾಳಿಗೆ ಜಾಗವಿರುವುದಿಲ್ಲ. ಆದ್ದರಿಂದ ನಂಬರ್ ಐಡ್ಲಿಂಗಿನಲ್ಲಿ ವಿಪರೀತ ಲೀನ್ ಇದ್ದು ರೇಸ್ ಕೊಟ್ಟಂತೆ ಸರಸರನೆ ಇಳಿದರೆ ನಾನು ಮೊದಲು ಶಂಕಿಸುವುದು ಕಳ್ಳಗಾಳಿಯನ್ನು. ನಿಜವಾದ ಲೀನ್ ಗಾಡಿಯಲ್ಲಿ ರೇಸ್ ಕೊಟ್ಟಾಗಲೂ ನಂಬರ್ ಮೇಲೇ ಇರುತ್ತದೆ, ಗಾಡಿ ಮುಗ್ಗರಿಸುತ್ತದೆ.

ಕಳ್ಳಗಾಳಿಗೆ ಇನ್ನೆರಡು ಬಾಗಿಲಿವೆ. ಒಂದು, ಹೆಡ್ಡಿಗೆ ಬೆಂಡ್ ಪೈಪ್ ಸೇರುವಲ್ಲಿನ ಗ್ಯಾಸ್ಕೆಟ್. ಅಲ್ಲಿ ಲೀಕ್ ಇದ್ದರೆ ಹೊಗೆ ಹೊರಗೆ ಬರುವುದಷ್ಟೇ ಅಲ್ಲ, ಪ್ರತಿ ಡುಗ್ ಆದಮೇಲೆ ಗಾಳಿಯನ್ನು ಒಳಗೂ ಎಳೆಯುತ್ತದೆ. ಎರಡು, ಕಂಪನಿಯವರೇ ಬೇಕೆಂದು ಇಟ್ಟಿರುವ ಬಾಗಿಲು. ಬಿಎಸ್3, ಬಿಎಸ್4 ಕಾಲದ ಎಷ್ಟೋ ಬೈಕುಗಳಲ್ಲಿ ಉಳಿದ ಹೊಗೆಯನ್ನು ಸುಡಲೆಂದು ಎಕ್ಸಾಸ್ಟ್ ಪೋರ್ಟಿಗೆ ತಾಜಾ ಗಾಳಿ ಬಿಡುವ ವಾಲ್ವ್ ಇರುತ್ತದೆ. ಟ್ಯಾಂಕಿನ ಕೆಳಗೆ ಏರ್ ಫಿಲ್ಟರ್ ಕಡೆಯಿಂದ ಹೆಡ್ಡಿನ ಎಕ್ಸಾಸ್ಟ್ ಬದಿಗೆ ಹೋಗುವ ರಬ್ಬರ್ ಪೈಪ್ ಇದೆಯೇ ನೋಡಿ. ಇದ್ದು, ಅದು ತೆರೆದಿದ್ದರೆ, ನೀವು ಅಳೆಯುತ್ತಿರುವುದು ಇಂಜಿನ್ನಿನ ಹೊಗೆಯನ್ನಲ್ಲ, ಹೊಗೆ ಮತ್ತು ಗಾಳಿಯ ಕಲಬೆರಕೆಯನ್ನು. ರೇಸ್ ಬಿಟ್ಟಾಗಿನ ಪಟಪಟ ಸದ್ದಿಗೂ ಸಾಮಾನ್ಯವಾಗಿ ಇದೇ ಕಾರಣ: ಸುಡದ ಪೆಟ್ರೋಲ್ ಆವಿ ಬಿಸಿ ಪೈಪಿನಲ್ಲಿ ತಾಜಾ ಗಾಳಿಗೆ ಸಿಕ್ಕಿ ಅಲ್ಲೇ ಸಿಡಿಯುತ್ತದೆ. ಪಟಪಟ ಅಂದರೆ ಜೆಟ್ ಚಿಕ್ಕದು ಅಂತ ಕಣ್ಣುಮುಚ್ಚಿ ತೀರ್ಮಾನ ಮಾಡುವುದು ನಮ್ಮ ಗ್ಯಾರೇಜುಗಳ ಹಳೆಯ ಚಾಳಿ.

ಇನ್ನೊಂದು ಮಜವಾದ ಸಂಗತಿ ಇದೆ, ಹೊಸಬರಿಗೆ ಇದನ್ನು ನಂಬಿಸುವುದೇ ಕಷ್ಟ. ಗಾಡಿ ಅತಿ ರಿಚ್ ಆಗಿಯೂ ಮೀಟರ್ ಲೀನ್ ತೋರಿಸಬಹುದು. ಪ್ಲಗ್ ಮಸಿ ಹಿಡಿದು ಒಂದು ಹೊಡೆತ ಮಿಸ್ ಆಯಿತು ಅನ್ನಿ. ಆ ಸಲ ಸಿಲಿಂಡರಿಗೆ ಬಂದ ಗಾಳಿಯೆಲ್ಲ, ಶೇ. 21 ಆಮ್ಲಜನಕದ ಸಮೇತ, ಹಾಗೆಯೇ ಸೈಲೆನ್ಸರಿಗೆ ಹೋಗುತ್ತದೆ. ಸರಿಸಮ ಮಿಶ್ರಣದ ಗಾಡಿಯಲ್ಲಿ ಹತ್ತರಲ್ಲಿ ಒಂದು ಹೊಡೆತ ಮಿಸ್ ಆದರೆ ಹೊಗೆಯಲ್ಲಿ ಸರಾಸರಿ ಶೇ. 2 ಆಮ್ಲಜನಕ. ಮೀಟರ್ 16 ತೋರಿಸಲು ಅಷ್ಟೇ ಸಾಕು. ಅದರ ಜೊತೆ ಹೋದ ಸುಡದ ಪೆಟ್ರೋಲನ್ನು ಸೆನ್ಸರ್ ಅದೇ ಪ್ರಮಾಣದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರಿಚ್ ಗಾಡಿಯಲ್ಲಿ ಉಳಿದ ಹೊಡೆತಗಳ ಕಾರ್ಬನ್ ಮಾನಾಕ್ಸೈಡ್ ಆ ಆಮ್ಲಜನಕವನ್ನು ಸ್ವಲ್ಪ ನುಂಗಿಹಾಕುತ್ತದೆ, ಹಾಗಾಗಿ ಇನ್ನೊಂದಿಷ್ಟು ಮಿಸ್ಸಿಂಗ್ ಬೇಕಾದೀತು, ಅಷ್ಟೆ. ಈಗ ವಿಷವರ್ತುಲ ನೋಡಿ. ಮೀಟರ್ ಲೀನ್ ಅನ್ನುತ್ತದೆ, ಮೆಕ್ಯಾನಿಕ್ ಜೆಟ್ ದೊಡ್ಡದು ಮಾಡುತ್ತಾರೆ, ಪ್ಲಗ್ ಇನ್ನಷ್ಟು ಮಸಿ, ಇನ್ನಷ್ಟು ಮಿಸ್ಸಿಂಗ್, ಮೀಟರ್ ಇನ್ನಷ್ಟು ಲೀನ್.

ನಾನೂ ಇದರಲ್ಲಿ ಸಿಕ್ಕಿಬಿದ್ದವನೇ. ವೈಡ್‌ಬ್ಯಾಂಡ್ ಕೊಂಡ ಹೊಸದರಲ್ಲಿ ಹುಣಸೂರಿನ ಒಬ್ಬರ ಒಂಟಿ ಸಿಲಿಂಡರ್ ಗಾಡಿಗೆ ಐಡ್ಲಿಂಗ್ 16.5 ಬಂತು. ಐಡ್ಲಿಂಗ್ ನಡೆಸುವ ಪೈಲಟ್ ಜೆಟ್ ಒಂದು ನಂಬರ್ ಏರಿಸಿದೆ, ಆಮೇಲೆ ಇನ್ನೊಂದು. ನಂಬರ್ 17 ಆಯಿತು. ಸಂಜೆ ಹೊತ್ತಿಗೆ ಕಣ್ಣು ಉರಿ, ಶೆಡ್ಡಿನ ತುಂಬ ಪೆಟ್ರೋಲ್ ವಾಸನೆ. ನಮ್ಮ ಹುಡುಗ ಬೆಂಡ್ ಪೈಪಿನ ಪಕ್ಕದಲ್ಲಿ ಬಗ್ಗಿ ಸ್ಪ್ಯಾನರ್ ಹುಡುಕುತ್ತಿದ್ದವನು ‘ಅಣ್ಣಾ, ಇಲ್ಲಿ ಕೈಗೆ ಗಾಳಿ ಹೊಡೀತಿದೆ’ ಅಂದ. ಹೆಡ್ಡಿಗೆ ಬೆಂಡ್ ಪೈಪ್ ಸೇರುವಲ್ಲಿನ ಗ್ಯಾಸ್ಕೆಟ್ ಒಂದು ಬದಿ ನುಗ್ಗಾಗಿ ಅಲ್ಲಿ ಮಸಿಯ ಗೆರೆ ಎದ್ದಿತ್ತು. ಗ್ಯಾಸ್ಕೆಟ್ ಬದಲಿಸಿದ ಮೇಲೆ ಅದೇ ಗಾಡಿ 12ಕ್ಕೆ ಇಳಿಯಿತು, ಎರಡೂ ಜೆಟ್ ವಾಪಸ್ ಹಾಕಿದೆ. ದಿನದ ಕೂಲಿ ಕೇಳುವ ಮುಖವಿರಲಿಲ್ಲ.

ಜೆಟ್‌ಗಳ ವಿಷಯ ಎರಡೇ ಮಾತಿನಲ್ಲಿ. ಐಡ್ಲಿಂಗ್ ನಡೆಸುವುದು ಪೈಲಟ್ ಜೆಟ್ ಮತ್ತು ಮಿಕ್ಸ್ಚರ್ ಸ್ಕ್ರೂ, ಮಧ್ಯದ ರೇಸ್ ನೋಡಿಕೊಳ್ಳುವುದು ನೀಡಲ್, ಮೇನ್ ಜೆಟ್ ಮಾತಾಡುವುದು ಮುಕ್ಕಾಲು ರೇಸ್ ದಾಟಿದ ಮೇಲೆ. ನಿಮ್ಮ ಮೆಕ್ಯಾನಿಕ್ ಮೂರು ಸಲ ಮೇನ್ ಜೆಟ್ ಬದಲಿಸಿಯೂ ಐಡ್ಲಿಂಗ್ ನಂಬರ್ ಕದಲದೇ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಕೆಲವು ನಂಬಿಕೆಗಳು. ‘14.7 ಬಂದರೆ ಗಾಡಿ ಪರ್ಫೆಕ್ಟ್’ ಅನ್ನುವುದು ಅರ್ಧ ಸತ್ಯ. ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕೆಲಸ ಮಾಡುವ ಅಂಕಿ ಅದು, ಇಂಜಿನ್ನಿನ ಪೂರ್ತಿ ಪವರ್ ಅಲ್ಲಿ ಸಿಗುವುದಿಲ್ಲ. ಐಡ್ಲಿಂಗಿಗೆ 13.2ರಿಂದ 14, ಸಮತಟ್ಟಾದ ರಸ್ತೆಯ ನಿಧಾನ ಓಟಕ್ಕೆ 14ರಿಂದ 14.7, ಏರು ಮತ್ತು ಪೂರ್ತಿ ರೇಸಿಗೆ ಆಗ ಹೇಳಿದ 12.6–12.9, ಇದು ನಿಮ್ಮಂಥ ಗಾಡಿಗೆ ನನ್ನ ಲೆಕ್ಕ. ‘ಲೀನ್ ಆದರೆ ಪಿಸ್ಟನ್ ಕರಗುತ್ತದೆ’ ಅನ್ನುವುದೂ ಸಂದರ್ಭ ನೋಡಿ ಹೇಳಬೇಕಾದ ಮಾತು. ಐಡ್ಲಿಂಗಿನಲ್ಲಿ ಸ್ವಲ್ಪ ಲೀನ್ ಇದ್ದರೆ ಗಾಡಿ ಆಫ್ ಆದೀತು, ಕರಗುವುದಿಲ್ಲ. ಚಾರ್ಮಾಡಿ ಘಾಟಿಯಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಪೂರ್ತಿ ರೇಸಿನಲ್ಲಿ ಏರುವಾಗ ಮೀಟರ್ 14.5 ದಾಟಿದರೆ ಮಾತ್ರ ಗಾಬರಿಯಾಗಿ. ಹಾಗೆಯೇ ಕಪ್ಪು ಪ್ಲಗ್ ಅಂದರೆ ರಿಚ್ ಎಂದೇ ಅಲ್ಲ. ಆಯಿಲ್ ಮೇಲೆ ಬರುತ್ತಿದ್ದರೂ, ಸ್ಪಾರ್ಕ್ ನಿತ್ರಾಣವಾಗಿದ್ದರೂ, ಮನೆಯಿಂದ ಅಂಗಡಿಗೆ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುತ್ತಿದ್ದರೂ ಪ್ಲಗ್ ಕಪ್ಪಾಗುತ್ತದೆ. ನಿಮ್ಮ ಗಾಡಿಯಲ್ಲಿ ಮೈಲೇಜ್, 11.2, ಪ್ಲಗ್ ಮೂರೂ ಒಂದೇ ಕಡೆ ಬೆರಳು ತೋರುತ್ತಿರುವುದರಿಂದ ರಿಚ್ ಅನ್ನುತ್ತಿದ್ದೇನೆ.

ಇ20 ವಿಚಾರಕ್ಕೆ ಬರೋಣ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇದಕ್ಕೆ ಚಾಲನೆ ಸಿಕ್ಕಿತು, ಈಗ ಬಂಕಿಗೆ ಹೋದರೆ ಇದೇ. ಬರೀ ಪೆಟ್ರೋಲ್ ಪೂರ್ತಿ ಸುಡಲು ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿ ಬೇಕು, ಎಥೆನಾಲಿಗೆ 9 ಪಾಲು ಸಾಕು. ಶೇ. 20 ಬೆರೆಸಿದರೆ ಲೆಕ್ಕ ಸುಮಾರು 13.5ಕ್ಕೆ ಬರುತ್ತದೆ, ಇ10ಕ್ಕೆ ಸುಮಾರು 14.1. ಹಾಗಾದರೆ ಇ20 ಹಾಕಿದ ಮೇಲೆ ಮೀಟರಿನಲ್ಲಿ 13.5 ಬಂದರೆ ಸರಿಸಮ ಅನ್ನಬೇಕೇ? ಬೇಡ. ಇಲ್ಲೇ ಬಹಳ ಜನ ಎಡವುವುದು. ಸೆನ್ಸರ್ ಅಳೆಯುವುದು ಲ್ಯಾಂಬ್ಡಾ. ಮೀಟರ್ ಅದನ್ನು 14.7ರಿಂದ ಗುಣಿಸಿ ತೋರಿಸುತ್ತದೆ, ಟ್ಯಾಂಕಿನಲ್ಲಿ ಏನಿದೆ ಅಂತ ಅದಕ್ಕೆ ಗೊತ್ತಿಲ್ಲ. ಯಾವ ಪೆಟ್ರೋಲ್ ಹಾಕಿದರೂ ಸರಿಸಮ ಮಿಶ್ರಣಕ್ಕೆ ಅದು 14.7 ಅಂತಲೇ ಹೇಳುತ್ತದೆ. ಮೀಟರಿನ ಸೆಟ್ಟಿಂಗಿನಲ್ಲಿ ಲ್ಯಾಂಬ್ಡಾ ಆಯ್ಕೆ ಇದ್ದರೆ ಅದಕ್ಕೆ ಬದಲಿಸಿಕೊಳ್ಳಿ, ತಲೆನೋವು ತಪ್ಪುತ್ತದೆ.

ಕಾರ್ಬೊರೇಟರಿಗೆ ಇ20 ಬಂದದ್ದು ತಿಳಿಯುವುದಿಲ್ಲ, ಅದೇ ತೂತಿನಲ್ಲಿ ಅಷ್ಟೇ ದ್ರವ ಬಿಡುತ್ತದೆ. ಹಾಗಾಗಿ ಇ10ರಿಂದ ಇ20ಗೆ ಬಂದ ಗಾಡಿ ಸುಮಾರು ಶೇ. 4 ಲೀನ್ ಆಗುತ್ತದೆ. ಆದರೆ ನೀವಿರುವುದು ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲೆ. ಅಲ್ಲಿ ಗಾಳಿ ಸುಮಾರು ಶೇ. 9ರಷ್ಟು ತೆಳು, ಅದರಿಂದ ಕಾರ್ಬೊರೇಟರ್ ಶೇ. 4–5 ರಿಚ್ ಆಗುತ್ತದೆ. ಒಂದು ತೆಗೆದು ಇನ್ನೊಂದು ಹಾಕಿದ ಹಾಗೆ, ಹೆಚ್ಚುಕಡಿಮೆ ಸರಿಹೋಗುತ್ತದೆ. ಚಿಕ್ಕಮಗಳೂರಿನಲ್ಲಿ ಇ20 ಕುಡಿಯುವ ಗಾಡಿ ಮಂಗಳೂರಿನಲ್ಲಿ ಇ10 ಕುಡಿಯುತ್ತಿದ್ದ ಗಾಡಿಯಂತೆಯೇ. ನಿಮಗೆ ಜೆಟ್ ದೊಡ್ಡದು ಬೇಕಾಗುವುದಿದ್ದರೆ ಅದು ಫಿಲ್ಟರ್, ಸೈಲೆನ್ಸರ್ ಬದಲಾಯಿಸಿದ್ದಕ್ಕೆ, ಅದೂ ಒಂದು ನಂಬರ್ ಸಾಕಾದೀತು. ಮೂರು ಖಂಡಿತ ಅಲ್ಲ. ಇ20ಯಿಂದ ಹಳೆಯ ಗಾಡಿಗೆ ನನ್ನ ಚಿಂತೆ ಮಿಶ್ರಣದ್ದಕ್ಕಿಂತ ರಬ್ಬರಿನದ್ದು. ಪೆಟ್ರೋಲ್ ಪೈಪ್, ಕಾರ್ಬೊರೇಟರಿನ ಓರಿಂಗ್ ಮೆತ್ತಗಾಗಿ ಉಬ್ಬಿವೆಯೇ ನೋಡಿಸಿ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಎಥೆನಾಲ್ ನೀರು ಹೀರುತ್ತದೆ ಅನ್ನುವುದು ನೆನಪಿರಲಿ.

ಈಗ ಏನು ಮಾಡಬೇಕು? ನಾನಾದರೆ ಹೀಗೆ ಹೋಗುತ್ತೇನೆ. ಮೊದಲು ಕಂಪನಿಯ ಮೇನ್ ಜೆಟ್ ವಾಪಸ್, ಹೊಸ ಪ್ಲಗ್. ಹಳೆಯ, ಮಸಿ ಹಿಡಿದ ಪ್ಲಗ್ ಇಟ್ಟುಕೊಂಡು ಯಾವ ಅಳತೆಯೂ ಬೇಡ. ಆಮೇಲೆ ಬೆಳಗ್ಗೆ ತಣ್ಣಗಿರುವ ಇಂಜಿನ್ ಚಾಲೂ ಮಾಡಿ, ದಪ್ಪ ಒದ್ದೆ ಬಟ್ಟೆಯಿಂದ ಸೈಲೆನ್ಸರಿನ ಬಾಯನ್ನು ಎರಡು ಮೂರು ಸೆಕೆಂಡ್ ಒತ್ತಿ ಹಿಡಿಯಲು ಯಾರಿಗಾದರೂ ಹೇಳಿ. ಪೈಪ್ ಬಿಗಿಯಾಗಿದ್ದರೆ ಇಂಜಿನ್ ಉಸಿರುಕಟ್ಟಿ ನಿಲ್ಲಲು ನೋಡುತ್ತದೆ. ಲೀಕ್ ಇದ್ದರೆ ಹೆಡ್ಡಿನ ಹತ್ತಿರವೋ ಜಾಯಿಂಟಿನಲ್ಲೋ ನಿಮ್ಮ ವೆಲ್ಡಿಂಗಿನಲ್ಲೋ ಚುಸ್ ಚುಸ್ ಅಂತ ಕೇಳುತ್ತದೆ. ಸೋಪು ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಬಯಲಿನಲ್ಲಿ ಮಾಡಿ, ಮುಚ್ಚಿದ ಶೆಡ್ಡಿನಲ್ಲಿ ಬೇಡ. ಆ ತಾಜಾ ಗಾಳಿಯ ರಬ್ಬರ್ ಪೈಪ್ ಇದ್ದರೆ ಅಳತೆ ಮುಗಿಯುವವರೆಗೆ ಮಾತ್ರ ಬಿರಡೆ ಹಾಕಿ, ಆಮೇಲೆ ತೆಗೆದುಬಿಡಿ. ಹೊಗೆ ಶುದ್ಧವಾಗಲೆಂದೇ ಅದು ಇರುವುದು. ಅದನ್ನು ಶಾಶ್ವತವಾಗಿ ಮುಚ್ಚಿ ಅಂತ ಹೇಳುವವರಿದ್ದಾರೆ, ನಾನು ಹೇಳುವುದಿಲ್ಲ.

ಸೆನ್ಸರಿನ ಜಾಗ ಬದಲಿಸಿ. ಫೋಟೊದಲ್ಲಿ ಅದು ಪೈಪಿನ ಪಕ್ಕಕ್ಕೆ, ಸ್ವಲ್ಪ ಕೆಳಮುಖವಾಗಿ ಇದೆ. ಬೆಳಗ್ಗೆ ಪೈಪಿನಲ್ಲಿ ಇಬ್ಬನಿಯಂತೆ ಕೂರುವ ನೀರು ಅಲ್ಲೇ ಹೋಗಿ ನಿಲ್ಲುತ್ತದೆ. 780 ಡಿಗ್ರಿ ಕಾದ ಪಿಂಗಾಣಿಗೆ ಒಂದು ಹನಿ ತಗುಲಿದರೂ ಚಟ್ ಅಂತ ಬಿರುಕು. ಸೆನ್ಸರಿನ ಹಿಂಬದಿ ಅಡ್ಡಗೆರೆಗಿಂತ ಕನಿಷ್ಠ ಹತ್ತು ಡಿಗ್ರಿ ಮೇಲೆ ಇರಬೇಕು. ಗಡಿಯಾರದ ಹತ್ತರಿಂದ ಎರಡು ಗಂಟೆಯ ನಡುವೆ ಅಂದುಕೊಳ್ಳಿ. ಹೆಡ್ಡಿಗೆ ಅಂಟಿಕೊಂಡರೆ ವಿಪರೀತ ಬಿಸಿ, ಬಾಟಲಿಗೆ ಹತ್ತಿರವಾದರೆ ಕಳ್ಳಗಾಳಿ. ನಿಮ್ಮ ಬೆಂಡ್ ಪೈಪಿನಲ್ಲಿ ತಿರುವು ಮುಗಿದು ನೇರವಾಗುವ ಜಾಗ ಸೂಕ್ತ. ಹಳೆಯ ತೂತಿಗೆ ಬಿರಡೆ ಬಿಗಿಯಿರಿ. ಇದಕ್ಕೆ ಮತ್ತೆ ವೆಲ್ಡಿಂಗ್ ಖರ್ಚು, ಪೈಪಿನ ಕ್ರೋಮ್ ಅಲ್ಲಿ ನೀಲಿಯಾಗುತ್ತದೆ. ಅದು ಬೇಡವಾದರೆ ಅಳತೆ ಮಾಡುವ ದಿನ ಮಾತ್ರ ಕಂಪನಿಯ ಉದ್ದ ಸೈಲೆನ್ಸರ್ ಹಾಕಿ ಐಡ್ಲಿಂಗ್ ನೋಡಿ. ಬಿಟ್ಟಿ ಪ್ರಯೋಗ, ಅರ್ಧ ಗಂಟೆಯ ಕೆಲಸ. ನಂಬರ್ 17ರಿಂದ 13ರ ಆಸುಪಾಸಿಗೆ ಬಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಸೆನ್ಸರ್ ಇನ್ನೂ ಜೀವಂತವಾಗಿದೆಯೇ ಅಂತಲೂ ನೋಡಬೇಕು, ಏಕೆಂದರೆ ಇಷ್ಟು ದಿನ ಮಸಿ ಕುಡಿದಿದೆ. ಬಿಚ್ಚಿ, ಬಯಲಿನ ಗಾಳಿಯಲ್ಲಿ ಹಿಡಿದು ಆನ್ ಮಾಡಿ. ಕಾದ ಮೇಲೆ ಮೀಟರ್ ತನ್ನ ಅತಿ ಲೀನ್ ಅಂಚಿಗೆ ಹೋಗಿ ಅಲ್ಲಾಡದೆ ನಿಲ್ಲಬೇಕು. ಆಮ್ಲಜನಕದ ಪ್ರಮಾಣ ತೋರಿಸುವ ಮೀಟರಾದರೆ 20.9 ಹತ್ತಿರ ಬರಬೇಕು. ಎಳೆದಾಡಿದರೆ ಸೆನ್ಸರ್ ಮುಗಿದಿದೆ. ತುದಿಯನ್ನು ಮುಟ್ಟಬೇಡಿ, ಚರ್ಮ ಅಂಟಿಕೊಂಡುಬಿಡುತ್ತದೆ. ಒಂದು ಎಚ್ಚರಿಕೆ: ವೈರ್ ಉದ್ದ ಸಾಲದು ಅಂತ ಸೆನ್ಸರಿನ ಕನೆಕ್ಟರ್ ಕತ್ತರಿಸಿ ಜೋಡಿಸುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಆ ಕನೆಕ್ಟರಿನೊಳಗೆ ಆ ಒಂದು ಸೆನ್ಸರಿಗೆಂದೇ ಕಾರ್ಖಾನೆಯಲ್ಲಿ ಹೊಂದಿಸಿದ ರೆಸಿಸ್ಟರ್ ಇರುತ್ತದೆ, ಕತ್ತರಿಸಿದರೆ ಅಳತೆ ಹೋಯಿತು. ಹೀಟರಿಗೆ ಕರೆಂಟ್ ಇಲ್ಲದೆ ಸೆನ್ಸರನ್ನು ಪೈಪಿನಲ್ಲಿ ಬಿಟ್ಟು ಗಾಡಿ ಓಡಿಸುವುದೂ ಅದನ್ನು ಕೊಲ್ಲುವ ಇನ್ನೊಂದು ದಾರಿ. ಅಳತೆ ಮುಗಿದ ಮೇಲೆ ಬಿಚ್ಚಿಟ್ಟು ಬಿರಡೆ ಹಾಕಿ, ನಿಮ್ಮ ಬ್ಯಾಟರಿಗೂ ಹಗುರ. ಜಾಯಿಂಟಿಗೆ ಸಾಮಾನ್ಯ ಸಿಲಿಕಾನ್ ಪೇಸ್ಟ್ ಮೆತ್ತಬೇಡಿ, ಅದರ ಆವಿ ಸೆನ್ಸರಿಗೆ ವಿಷ.

ಇಷ್ಟಾದ ಮೇಲೆ ಮೀಟರಿನ ಮಾತಿಗೆ ಇನ್ನೊಂದು ಸಾಕ್ಷಿ ಬೇಕೆಂದರೆ ಹತ್ತಿರದ ಎಮಿಷನ್ ಟೆಸ್ಟ್ ಕೇಂದ್ರಕ್ಕೆ ಹೋಗಿ. ಚೀಟಿಯಲ್ಲಿ ಪಾಸ್ ಅಂತ ಇದ್ದರೆ ಮಡಚಿ ಜೇಬಿಗೆ ಹಾಕಿಕೊಳ್ಳುತ್ತೇವಲ್ಲ, ಅದರಲ್ಲಿನ ಎರಡು ಅಂಕಿ ಓದಿ. ನಿಮ್ಮ ಗಾಡಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 3.5, ಹೈಡ್ರೋಕಾರ್ಬನ್ ಮಿತಿ 4,500 ಪಿಪಿಎಂ. ಕಾರ್ಬನ್ ಮಾನಾಕ್ಸೈಡ್ 5, 6 ಅಂತ ಬಂದರೆ ರಿಚ್, ವಾದವೇ ಬೇಡ. ಅದು ಒಂದಕ್ಕಿಂತ ಕಡಿಮೆ ಇದ್ದು ಹೈಡ್ರೋಕಾರ್ಬನ್ ಸಾವಿರಗಟ್ಟಲೆ ಇದ್ದರೆ ಲೀನ್ ಆಗಿ ಮಿಸ್ಸಿಂಗ್. ಶಾರ್ಟ್ ಬಾಟಲಿನಲ್ಲಿ ಅವರ ನಳಿಕೆ ಆಳಕ್ಕೆ ಹೋಗದೆ ಗಾಳಿ ಬೆರೆತು ಎರಡೂ ಅಂಕಿ ಕಡಿಮೆ ತೋರಬಹುದು, ಅದನ್ನು ಮನಸ್ಸಿನಲ್ಲಿಡಿ.

ಅಲ್ಲಿಂದ ಮುಂದೆ ಐಡ್ಲಿಂಗನ್ನು ಮಿಕ್ಸ್ಚರ್ ಸ್ಕ್ರೂವಿನಲ್ಲಿ ಸರಿಮಾಡಿ. ನಿಮ್ಮ ಕಾರ್ಬೊರೇಟರಿನಲ್ಲಿ ಅದು ಇಂಜಿನ್ ಬದಿಯಲ್ಲಿದೆ, ಬಿಚ್ಚಿದಂತೆ ಪೆಟ್ರೋಲ್ ಹೆಚ್ಚುತ್ತದೆ. ಕಾಲು ಸುತ್ತು ಬಿಚ್ಚಿ, ಅರ್ಧ ನಿಮಿಷ ಕಾಯಿರಿ, ನಂಬರ್ ಎತ್ತ ಹೋಯಿತು ನೋಡಿ, ಇಂಜಿನ್ ಸದ್ದು ಕೇಳಿ. ಬಿಚ್ಚಿದಾಗ ನಂಬರ್ ಇಳಿದು ಸದ್ದು ಗಟ್ಟಿಯಾದರೆ ಮೀಟರ್ ನಂಬಬಹುದು. ಬಿಚ್ಚಿದಾಗ ಸದ್ದು ಸೊರಗಿ ನಂಬರ್ ಏರಿದರೆ ಅದೇ ರಿಚ್ ಮಿಸ್ಸಿಂಗ್, ಮುಚ್ಚುತ್ತಾ ಬನ್ನಿ. ಆಮೇಲೆ ಖಾಲಿ ರಸ್ತೆಯ ಏರಿನಲ್ಲಿ ಪೂರ್ತಿ ರೇಸ್ ಕೊಟ್ಟು ನಾಲ್ಕೈದು ಸೆಕೆಂಡಿನ ನಂಬರ್. ಮೀಟರ್ ನೋಡುತ್ತಾ ಓಡಿಸಬೇಡಿ, ಫೋನಿನ ಕ್ಯಾಮೆರಾ ಕಟ್ಟಿ ರೆಕಾರ್ಡ್ ಮಾಡಿಕೊಳ್ಳಿ. 12.6–12.9 ಬಂದರೆ ಜೆಟ್ ಮುಟ್ಟಬೇಡಿ. 13.5 ದಾಟಿದರೆ ಒಂದು ನಂಬರ್ ಏರಿಸಿ. ಕರಾವಳಿಗೆ ಇಳಿಯುವ ಅಭ್ಯಾಸವಿದ್ದರೆ 12.4ಕ್ಕೇ ನಿಲ್ಲಿಸಿ. ಉಜಿರೆ ಮುಟ್ಟುವಷ್ಟರಲ್ಲಿ ಗಾಳಿ ದಪ್ಪವಾಗಿ 13ರ ಹತ್ತಿರ ಬರುತ್ತದೆ.

ಇಷ್ಟೆಲ್ಲ ರಗಳೆ ಬೇಡ ಅನ್ನಿಸಿದರೆ ಕಂಪನಿಯ ಸೈಲೆನ್ಸರ್, ಫಿಲ್ಟರ್, ಜೆಟ್ ಮೂರನ್ನೂ ವಾಪಸ್ ಹಾಕಿ ಸೆನ್ಸರನ್ನು ಮಾರಿಬಿಡಿ. ನಿಜ ಹೇಳಬೇಕೆಂದರೆ ಹತ್ತರಲ್ಲಿ ಏಳು ಜನಕ್ಕೆ ನಾನು ಹೇಳುವುದು ಇದನ್ನೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮಾರ್ಪಾಡಿಗೂ 190(2) ಸದ್ದು, ಹೊಗೆಗೂ ಸಂಬಂಧಿಸಿದ್ದು. ಕಿತ್ತ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ ಪೊಲೀಸರ ಫೋಟೊ ನೀವೂ ನೋಡಿರುತ್ತೀರಿ.

ಟೂ ಸ್ಟ್ರೋಕ್ ಗಾಡಿ ಇಟ್ಟುಕೊಂಡ ಓದುಗರಿಗೆ ಇಲ್ಲೇ ಒಂದು ಮಾತು. ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದ ಯೆಜ್ಡಿಗೆ ವೈಡ್‌ಬ್ಯಾಂಡ್ ಹಾಕಿಕೊಡಿ ಅಂತ ವರ್ಷಕ್ಕೆ ಇಬ್ಬರಾದರೂ ಬರುತ್ತಾರೆ. ಟೂ ಸ್ಟ್ರೋಕಿನಲ್ಲಿ ಹೊಸ ಮಿಶ್ರಣದ ಒಂದು ಪಾಲು ಸುಡದೆ ನೇರ ಸೈಲೆನ್ಸರಿಗೆ ಜಾರುತ್ತದೆ, ಅದರ ಆಮ್ಲಜನಕ ನೋಡಿ ಮೀಟರ್ ಸದಾ ಲೀನ್ ಅನ್ನುತ್ತದೆ. ಆಯಿಲ್ ಹೊಗೆಗೆ ಸೆನ್ಸರ್ ಬಹಳ ದಿನ ಬಾಳುವುದೂ ಇಲ್ಲ. ಅಲ್ಲಿ ಪ್ಲಗ್ ಬಣ್ಣ ಮತ್ತು ಕಿವಿಯೇ ಗತಿ.

ಕೊನೆಗೆ ತಮ್ಮನ ಬಿಎಸ್6 ಬೈಕ್. ಕಂಪನಿ ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ವೈಡ್‌ಬ್ಯಾಂಡ್ ಹಾಕಲು ಹೋಗಬೇಡಿ. ಅಂಥ ಬೈಕುಗಳಲ್ಲಿ ಇರುವುದು ಸಾಮಾನ್ಯವಾಗಿ ನ್ಯಾರೋಬ್ಯಾಂಡ್, ಅದರ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಕಾಯುತ್ತಿರುವುದು ಆ 0.1–0.9 ವೋಲ್ಟಿನ ನೆಗೆತಕ್ಕೆ. ಅದು ಸಿಗದಿದ್ದರೆ ಲೈಟ್ ಉರಿದು, ಮಿಶ್ರಣವನ್ನು ತನಗೆ ತೋಚಿದ ಹಾಗೆ ಇಡುತ್ತದೆ. ಕಂಪನಿ ಸ್ಥಿತಿಯಲ್ಲಿರುವ ಬೈಕಾದರೆ ಅಳೆಯುವ ಅಗತ್ಯವೂ ಇಲ್ಲ. ಇ20 ಬಂದರೂ ಅದರ ಸೆನ್ಸರೇ ನೋಡಿಕೊಂಡು ಇಂಜೆಕ್ಟರನ್ನು ಇನ್ನಷ್ಟು ಹೊತ್ತು ತೆರೆಸುತ್ತದೆ. ವಾರಂಟಿ ಇರುವವರೆಗೆ ಆ ಪೈಪಿಗೆ ವೆಲ್ಡಿಂಗ್ ರಾಡ್ ತೋರಿಸಬೇಡಿ ಅಂತ ತಮ್ಮನಿಗೆ ಹೇಳಿ. ನಿಮ್ಮ ಗಾಡಿಯದ್ದು ಮಾತ್ರ, ಉದ್ದ ಸೈಲೆನ್ಸರಿನ ಪ್ರಯೋಗದ ನಂಬರ್ ಮತ್ತು ಎಮಿಷನ್ ಚೀಟಿಯ ಫೋಟೊ ಎರಡನ್ನೂ ಕಳಿಸಿ. ಪೈಲಟ್ ಜೆಟ್ ಮುಟ್ಟಬೇಕೋ ಬೇಡವೋ ಅದನ್ನು ನೋಡಿಯೇ ಹೇಳುತ್ತೇನೆ.